ಅವ್ವನ ಮಗ್ಗದ ಕುಣಿ ಮುಚ್ಚೋದಕ್ಕ ಮೊದಲ

ತಂಗಿ ಶಾಂತವ್ವ, ನಿನ್ನ ಮೊಣಕಾಲು ಹೆಂಗದಾವ? ತಮ್ಮಾ ಈರಣ್ಣ, ಕೆಮ್ಮು ಕಡಿಮಿ ಆತೇನು? ನಾ ಆರಾಮ ಅದೇನಿ, ಆದ್ರ ಜೀವಕ್ಕ ಸಮಾಧಾನ ಇಲ್ಲ.

ಇಳಕಲ್ಲಿನಾಗ ನಾವು ಬಾಡಿಗಿ ಇದ್ದ ನಗರಸಭೆಯ ಹಳೇ ಮನಿನ ಬಿಲ್ಡರನಿಗೆ ಮಾರ್ಯಾರ. ಹಳೇದನ್ನೆಲ್ಲ ಉಳಿಸಿಕೊಂಡ ದುರಸ್ತಿ ಮಾಡಬೇಕಂತ ಕರಾರು. ಇವತ್ತ ಬಾಗಲಾ ತೆರದಿತ್ತು, ಒಳಗ ಕಾಲಿಟ್ಟೆ. ಮಗ್ಗದ ಕುಣಿಯ ತಂಪು ಮಣ್ಣಿನ ವಾಸನಿ ಬಂತು ನೋಡ್ರಿ, ಅವ್ವ ಅದರಾಗ ಕಾಲ ಇಳಿಬಿಟ್ಟು ಸೀರಿ ನೇಯಾಕ ಕುಂತಂಗ ಆತು.

ಸೀರಿ ಒಡಲಿನ ಎಳಿಗೆ ಸೆರಗಿನ ಎಳಿ ಕೂಡಸೋ ದಿನ ಆಕಿ ಗಾಳಿ ಬರಬಾರದಂತ ಕಿಡಕಿ, ಬಾಗಲಾ ಹಾಕಸ್ತಿದ್ಲು. ಎಳಿ ತಪ್ಪಿದ್ರ ಇಡೀ ಸೀರಿ ಕೆಡ್ತಿತ್ತು. "ಮಂಗ್ಯಾಗೋಳ್ರಾ, ಉಸರ ಬಿಡಬ್ಯಾಡ್ರಿ!" ಅಂತಿದ್ಲು. ಒಮ್ಮೆ ಈರಣ್ಣ ಸೀನು ತಡಕೊಳ್ಳಾಕ ಹೋಗಿ ಕುಣಿಯೊಳಗ ಉರುಳಿದ. ಅವ್ವ ಕೈಯಾಗಿನ ಎಳಿ ಬಿಡಲಿಲ್ಲ, ಕಾಲಿಲೇ ಅವನ್ನ ಅವಚಿ ಹಿಡಿದ್ಲು.

"ಅಜ್ಜಾರ, ಯಾರೋ ನೀರಿಗೆ ತೋಡಿದ ತೆಗ್ಗರಿ ಇದು. ನಾಳೆ ಕಾಂಕ್ರೀಟ್ ಹಾಕ್ತೇವಿ," ಅಂದ ಇವತ್ತ ಅಲ್ಲಿದ್ದ ಬಿಲ್ಡರನ ಮನಿಷ್ಯಾ.

"ಮಗ್ಗದ ಕುಣಿಯೋ ತಮ್ಮಾ!"

"ನಿಮ್ಮನ್ನ ಬಿಟ್ಟು ಹೇಳೋರು ಮತ್ತ್ಯಾರರ ಅದಾರೇನ್ರಿ?"

ಅವ್ವ ಕುಂತು ಕುಂತು ನುಣುಪಾದ ಅಂಚು ಇನ್ನೂ ಹಂಗ ಐತಿ. ಅಲ್ಲೇ ಬೆಳೆದ ನೀವಿಬ್ಬರೂ ಇದು ಅವ್ವನ ಮಗ್ಗದ ಕುಣಿ ಅಂತ ಈ ಪೋಸ್ಟಿನ ಕೆಳಗ ಅಷ್ಟ ಬರೀರಿ, ಅವಗ ತೋರಸ್ತೇನಿ; ಕರಾರಿನಂಗ ಉಳಿಸಬೇಕಾಗತೈತಿ. ಮುಂಜಾನಿ ಸಿಮೆಂಟಿನ ಗಾಡಿ ಬರೋದಕ್ಕ ಮೊದಲ ಬರೀರಿ.