ಬಸ್ಸು ತೊಳೆಯುವವಳ ಮೊದಲ ವರ್ಷ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಡಿಪೋದ ಅಂಗಳದಲ್ಲಿ ಸಾಲಾಗಿ ನಿಂತ ಬಸ್ಸುಗಳ ನಡುವೆ ಒಬ್ಬಳು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಕಿಟಕಿಗಳನ್ನು ಉಜ್ಜುತ್ತಿದ್ದಾಳೆ. ಆಮೇಲೆ ಒಳಗೆ ಹೋಗಿ ನಿನ್ನೆಯ ಪ್ರಯಾಣಿಕರು ಬಿಟ್ಟುಹೋದದ್ದನ್ನು ಗುಡಿಸುತ್ತಾಳೆ: ಹರಿದ ಟಿಕೆಟ್ಟು, ಕಿತ್ತಳೆ ಸಿಪ್ಪೆ, ಒಂಟಿ ಚಪ್ಪಲಿ, ಕೆಲವು ದಿನ ವಾಂತಿ.

"ಲಾಯರಮ್ಮ, ನನ್ನ ಹೆಂಡ್ತಿ ಮೇಲೆ ಒಂದು ಕೇಸು ಹಾಕ್ಬೇಕಲ್ಲ!" ಡ್ರೈವರೊಬ್ಬ ಕಿಚಾಯಿಸುತ್ತಾನೆ.

"ಧಾರಾಳವಾಗಿ ಹಾಕಣ್ಣ. ಆದ್ರೆ ನಾನು ಅತ್ತಿಗೆ ಕಡೆ ಲಾಯರ್ರು," ಎನ್ನುತ್ತಾಳೆ, ಬ್ರಷ್ಷು ನಿಲ್ಲಿಸದೆ.

ಈ ಅಡ್ಡಹೆಸರಿನಲ್ಲಿ ಪ್ರೀತಿಯಿದೆ, ಕೊಂಕೂ ಇದೆ. ಲಾ ಕಾಲೇಜು ಕಳೆದ ವರ್ಷ ಆಕೆಯನ್ನು ಬರಿಗೈಯಲ್ಲಿ ಕಳಿಸಿದ್ದು ಡಿಪೋಗೆಲ್ಲ ಗೊತ್ತು.

ಡಿಗ್ರಿಯ ಮೊದಲ ವರ್ಷ ಆಕೆ ಹೆಚ್ಚುಕಡಿಮೆ ಎಲ್ಲ ವಿಷಯಗಳಲ್ಲೂ ಫೇಲು. ಇದೇ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅಪ್ಪ ಬಯ್ಯಲಿಲ್ಲ, ಕೈಗೆ ಬ್ರಷ್ಷು ಕೊಟ್ಟರು. ಬೆಳಗಿನ ಜಾವ ಬಸ್ಸು, ಹಗಲು ಕಾಲೇಜು. ಬಾಕಿ ಪರೀಕ್ಷೆಗಳನ್ನೆಲ್ಲ ಮುಗಿಸಿ, ಉಳಿದೆರಡು ವರ್ಷ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು.

ಕಾನೂನಿನ ಹುಚ್ಚು ಹಿಡಿದದ್ದು ಡಿಪೋದಲ್ಲಿಯೇ. ಜೊತೆಗೆ ದುಡಿಯುತ್ತಿದ್ದ ವಯಸ್ಸಾದ ಹೆಂಗಸೊಬ್ಬಳ ಅಂಗೈ ಬಸ್ಸು ತೊಳೆಯುವ ಆಸಿಡ್ಡಿಗೆ ಬೆಂದುಹೋಯಿತು. ಮನೆಯಲ್ಲಿ ಪಾತ್ರೆ ತಿಕ್ಕಿ ಆಗಿರಬೇಕು ಎಂದ ಕಂಟ್ರಾಕ್ಟರ್, ನಾಳೆಯಿಂದ ಬರಬೇಡ ಎಂದ. "ಆ ಮಾತಿಗೆ ಏನು ಹೇಳ್ಬೇಕು ಅಂತ ನಮ್ಮಲ್ಲಿ ಒಬ್ರಿಗೂ ಗೊತ್ತಾಗ್ಲಿಲ್ಲ. ಗೊತ್ತಿರೋಳು ಒಬ್ಬಳಾದ್ರೂ ಇರ್ಬೇಕು ಅನ್ನಿಸ್ತು," ಎಂದು ನನಗೆ ಹೇಳುತ್ತಾಳೆ.

ಅರ್ಜಿ ಹಾಕುವಾಗ ಕೋಚಿಂಗ್ ಮೇಷ್ಟ್ರು ಉಪಾಯ ಹೇಳಿಕೊಟ್ಟರು: ಮೊದಲ ವರ್ಷ ತಾಯಿಗೆ ಕಾಯಿಲೆ ಎಂದುಬಿಡು, ಸಂದರ್ಶನದಲ್ಲಿ ಒಂದು ಹನಿ ಕಣ್ಣೀರು ಬಂದರೆ ಇನ್ನೂ ಒಳ್ಳೆಯದು. ತಾಯಿ ಉರಿದುಬಿದ್ದಳು. "ಗುಂಡುಕಲ್ಲಿನ ಹಾಗಿದ್ದೀನಿ, ನನ್ನನ್ನ ಯಾಕೆ ಹಾಸಿಗೆ ಹಿಡಿಸ್ತೀಯೇ?" ಸ್ವಲ್ಪ ಹೊತ್ತಿಗೆ ಅವಳೇ ಕರಗಿದಳು. "ಸೀಟು ಸಿಗೋದಾದ್ರೆ ಹಾಳಾಗ್ಲಿ, ಮಲಗಿಸ್ಬಿಡು."

ಮಗಳು ಮಲಗಿಸಲಿಲ್ಲ.

"ಮೊದಲ ವರ್ಷ ಫೇಲಾಗಿದ್ದೀಯಲ್ಲ, ಮನೇಲಿ ಏನಾದ್ರೂ ತೊಂದರೆ ಇತ್ತೇನಮ್ಮ?" ಸಂದರ್ಶನದ ಅಧ್ಯಕ್ಷರು ಮೆತ್ತಗೆ ಕೇಳಿದರು.

"ಇಲ್ಲ ಸರ್. ಕ್ಲಾಸಿಗೆ ಹೋಗ್ಲಿಲ್ಲ, ಸಿನಿಮಾಗೆ ಹೋದೆ."

ಸೀಟು ಸಿಗಲಿಲ್ಲ. ಅವಳಿಗಿಂತ ಮುಂಚೆ ಒಳಗೆ ಹೋಗಿದ್ದ ಹುಡುಗನೂ ಮೊದಲ ವರ್ಷ ಫೇಲಾದವನೇ. ಅದರ ಬಗ್ಗೆ ಏನು ಕೇಳಿದರು ಅಂದಿದ್ದಕ್ಕೆ ಅವನು ನಕ್ಕ: ಏನೂ ಇಲ್ಲ, ಅಪ್ಪನ ಆಸ್ಪತ್ರೆ ಹೇಗೆ ನಡೀತಿದೆ ಅಂತ ಕೇಳಿದ್ರು. ಅವನಿಗೆ ಸಿಕ್ಕಿತು.

ಇದು ಎಂಥ ನ್ಯಾಯ? ಅದೇ ತಪ್ಪು ಕಾರಿನಲ್ಲಿ ಬಂದಿಳಿದರೆ ಹುಡುಗಾಟ, ಡಿಪೋದಿಂದ ನಡೆದು ಬಂದರೆ ಸೋಮಾರಿತನ. ಬಡವರ ಮಕ್ಕಳು ಹದಿನೆಂಟನೆಯ ವಯಸ್ಸಿನಲ್ಲಿ ಸುಮ್ಮನೆ ಕೆಡುವಂತಿಲ್ಲ. ಕೆಟ್ಟರೆ ಮನೆಯಲ್ಲಿ ಒಂದು ಹೆಣವನ್ನಾದರೂ ತೋರಿಸಬೇಕು. ಆಗಷ್ಟೇ ಕ್ಷಮೆ. ನಾಳೆಯ ವಕೀಲರನ್ನು ಆರಿಸುವ ಮೇಜು ಮೊದಲು ಕಲಿಸುವುದು ಸುಳ್ಳು ಹೇಳುವುದನ್ನು.

ಈ ವರ್ಷವೂ ಸಿಗದಿದ್ದರೆ ಇಲ್ಲಿಗೆ ಮುಗೀತು ಎಂದಿದ್ದರು ಅಪ್ಪ. ಮೊನ್ನೆ ಅದೇ ಮೇಜು, ಅದೇ ಪ್ರಶ್ನೆ. ಆಕೆ ಅದೇ ಉತ್ತರ ಕೊಟ್ಟಳು. ಎದ್ದು ಬರುವಾಗ ತಡೆಯಲಾಗಲಿಲ್ಲ. "ಇದನ್ನ ಎಲ್ಲರಿಗೂ ಕೇಳ್ತೀರಾ ಸರ್, ಇಲ್ಲ ನಮ್ಮಂಥೋರಿಗೆ ಮಾತ್ರಾನಾ?"

ಅಧ್ಯಕ್ಷರು ಲೋಟ ಎತ್ತಿ ನೀರು ಕುಡಿದರು. ಮೂಲೆಯಲ್ಲಿ ಕೂತಿದ್ದ ವಯಸ್ಸಾದ ಅಧ್ಯಾಪಕಿ ಮಾತ್ರ, "ಕೂತ್ಕೊ," ಎಂದರು. "ಕೊನೇ ಎರಡು ವರ್ಷದ ಮಾರ್ಕ್ಸು ಎಷ್ಟು, ಹೇಳು." ಆ ಕೋಣೆಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

ನಿನ್ನೆ ಪಟ್ಟಿ ಬಂತು. ಸೀಟು ಸಿಕ್ಕಿದೆ. ಇಂದು ಬೆಳಗ್ಗೆ ಆಕೆ ಮತ್ತೆ ಇಲ್ಲಿದ್ದಾಳೆ. ಕ್ಲಾಸು ಶುರುವಾದ ಮೇಲೂ ಬರುತ್ತಾಳಂತೆ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ, ನಾನು ಬರೆಯುವುದನ್ನೇ ನೋಡುತ್ತಾಳೆ.

"ಪೇಪರ್ನಲ್ಲಿ, ಪಾಪ, ಕಷ್ಟಪಟ್ಟ ಹುಡುಗಿ ಅಂತೆಲ್ಲ ಬರೀಬೇಡಿ. ಮಾರ್ಕ್ಸಿತ್ತು, ಒಳಗೆ ಹೋದ್ಲು. ಅಷ್ಟು ಬರೀರಿ ಸಾಕು."