ಕಣದ ಹೊರಗೆ ನಿಂತ ಬಂದೂಕು

ಜಾಂಬೋಟಿ ಬಳಿಯ ನಮ್ಮ ಕಣದಲ್ಲಿ ಭತ್ತದ ರಾಶಿ ಮಾಡುತ್ತಿದ್ದಾಗ ಕಾರುಗಳು ಸಾಲಾಗಿ ಬಂದು ನಿಂತವು. ಮುಂದಿನ ಕಾರಿನಿಂದ ಇಳಿದವರೊಬ್ಬರು ಪಕ್ಕದೂರಿನವರೇ, ಒಮ್ಮೆ ಪಂಚಾಯಿತಿ ಸದಸ್ಯರು, ಈಗ ದಿಲ್ಲಿಯಲ್ಲಿ ಪಕ್ಷದ ದೊಡ್ಡ ನಾಯಕರು. ಅಂಚಿನಲ್ಲೇ ಬಾಗಿ ಬೂಟು ಬಿಚ್ಚಿ, ಬರಿಗಾಲಲ್ಲಿ ಬಂದು ರಾಶಿಗೆ ಕೈಮುಗಿದರು.

ಬಂದೂಕು ಹಿಡಿದ ಅಂಗರಕ್ಷಕರು ಬೂಟಿನಲ್ಲೇ ಹಿಂಬಾಲಿಸಿದಾಗ ನಮ್ಮತ್ತೆ ಗದರಿದರು: "ಕಣದಾಗ ಕಾಲ್ಮರಿ ಹಾಕ್ಕೊಂಡು ಬರಬ್ಯಾಡ್ರಿ!"

ನಾಯಕರು ಹಿಂದಿಯಲ್ಲಿ ಏನೋ ಹೇಳಿ ಅವರನ್ನು ಹೊರಗೇ ನಿಲ್ಲಿಸಿದರು. ಆಮೇಲೆ ಅತ್ತೆಯತ್ತ ತಿರುಗಿ ನಕ್ಕರು: "ಅವ್ರು ಅಲ್ಲೇ ನಿಂದರ್ಲಿ ಕಾಕು. ಇಲ್ಲಿ ನನ್ನ ಕಾಯಾಕ ನೀವು ಅದೀರಲ್ಲ."

ಅಲ್ಲಿ ಒಂದೂ ಕ್ಯಾಮೆರಾ ಇರಲಿಲ್ಲ, ಇದ್ದಿದ್ದರೆ ನಾಟಕವೆನ್ನುತ್ತಿದ್ದೆ. ಈಗ ಟಿವಿಯಲ್ಲಿ ಅವರು ವೇದಿಕೆ ಹತ್ತುವಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅವರ ಕಾಲಿನ ಕಡೆಗೇ.