ಕೈಪಿಡಿಯಲ್ಲಿ ಇಲ್ಲದ ಎರಡು ವಾಕ್ಯ

ನನ್ನ ಸೋದರತ್ತೆಯ ಬಲಗಣ್ಣು ಹೋದದ್ದು ನಾನು ಬರೆದ ಪ್ರೋಗ್ರಾಂನಿಂದ. ಬೇರೆಯವರು ಇದನ್ನು ಬೇರೆ ಥರ ಹೇಳುತ್ತಾರೆ. ಡಾಕ್ಟರು ತಡವಾಯಿತು ಅಂದರು, ನನ್ನ ಗಂಡ ನಿನ್ನೊಬ್ಬಳದೇ ತಪ್ಪಲ್ಲ ಅಂದರು, ಅತ್ತೆ ತನ್ನ ಹಣೆಬರಹ ಅಂದಳು. ನಾನು ಮರಾಠಿ ಸೀಮೆಯ ಉದಗೀರದ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕಂಪ್ಯೂಟರ್ ಪಾಠ ಹೇಳಿದವಳು. ಯಾವ ಸಾಲಿನಲ್ಲಿ ತಪ್ಪಾಯಿತು ಅನ್ನುವುದು ನನಗೆ ಗೊತ್ತು.

ತೊಂಬತ್ಮೂರರ ಭೂಕಂಪವಾದಾಗ ನಾನು ಉದಗೀರದ ಹಾಸ್ಟೆಲಿನಲ್ಲಿ ಓದುತ್ತಿದ್ದೆ, ಹಾಗಾಗಿ ಉಳಿದೆ. ಮಾಕಣಿಯ ಕೆರೆಯ ಆಚೆಗಿನ ನಮ್ಮೂರಿನಲ್ಲಿ ಅಪ್ಪ, ಅವ್ವ, ಅತ್ತೆಯ ಗಂಡ ಮೂವರೂ ಮಣ್ಣಿನ ಮಾಳಿಗೆಯ ಕೆಳಗೆ ಹೋದರು. ಅತ್ತೆ ಕುರಿದಡ್ಡಿಯಲ್ಲಿ ಮಲಗಿದ್ದಳು, ಬದುಕಿಕೊಂಡಳು. ಅಲ್ಲಿಂದ ಮುಂದೆ ನನಗೆ ತವರು ಅಂದರೆ ಆಕೆಯೇ.

ಹೊಸ ಮನೆ ಯಾರಿಗೆ ಸಿಗುತ್ತದೆಂದು ಊರಿನಲ್ಲಿ ಯಾದಿ ಓದಿದ ದಿನ ನಾನು ಆಕೆಯ ಪಕ್ಕದಲ್ಲೇ ನಿಂತಿದ್ದೆ. ಊರಿನ ಲೆಕ್ಕ ನೋಡುವ ತಲಾಠಿ ಮರಾಠಿಯಲ್ಲಿ ಒಂದೊಂದೇ ಹೆಸರು ಓದಿದ. ಅತ್ತೆಯ ಹೆಸರು ಬರಲಿಲ್ಲ. ನಾನು ಕೇಳಲು ಮುಂದೆ ಹೊರಟರೆ ಆಕೆ ಕೈ ಹಿಡಿದು ಎಳೆದಳು.

"ಬ್ಯಾಡವ್ವಾ. ಇಷ್ಟ ಮಂದಿ ಸತ್ತಾರ. ಇಂಥಾದ್ರಾಗ ನನ್ನ ಹೆಸರ ಎಲ್ಲಿ ಅಂತ ಹ್ಯಾಂಗ ಕೇಳೋದು?"

ಆ ಹೆಸರು ಸೇರಿಸಲು ನಾನು ಅರ್ಜಿಯ ಮೇಲೆ ಅರ್ಜಿ ಬರೆಯಬೇಕಾಯಿತು. ಅಷ್ಟರಲ್ಲಿ ಆಕೆ ನಾಲ್ಕು ಬೇಸಿಗೆಗಳನ್ನು ತಗಡಿನ ಶೆಡ್ಡಿನಲ್ಲಿ ಉಣ್ಣೆ ನೂಲುತ್ತ ಕಳೆದಿದ್ದಳು. ಹೆಸರಿಲ್ಲ ಅಂದರೆ ಸುಮ್ಮನೆ ತಿರುಗಿ ಬರಬೇಕು ಅನ್ನುವುದು ಆಕೆಗೆ ರೂಢಿಯಾಗಿಬಿಟ್ಟಿತು.

ಭೂಕಂಪವಾಗಿ ಹನ್ನೆರಡು ವರ್ಷದ ಹೊತ್ತಿಗೆ ನಿಲಂಗಾದಲ್ಲಿ ಒಂದು ಸಣ್ಣ ಧರ್ಮಾರ್ಥ ಕಣ್ಣಿನ ಆಸ್ಪತ್ರೆ ನಡೆಯುತ್ತಿತ್ತು. ಈಗ ಅದು ಇಲ್ಲ. ಪೊರೆ ತೆಗೆಸಿಕೊಳ್ಳಲು ಉಮರ್ಗಾದಿಂದ, ಉದಗೀರದಿಂದ, ಗಡಿಯಾಚೆಯ ಹಳ್ಳಿಗಳಿಂದಲೂ ಜನ ಬರುತ್ತಿದ್ದರು. ಸರದಿಯ ಗೊಂದಲ ತಪ್ಪಿಸಲು ಒಂದು ಪ್ರೋಗ್ರಾಂ ಮಾಡಿಕೊಡಿ ಎಂದು ಅಲ್ಲಿನವರು ನಮ್ಮ ಕಾಲೇಜಿಗೆ ಕೇಳಿದರು. ನಾನು ಸಂತೋಷದಿಂದ ಒಪ್ಪಿಕೊಂಡೆ. ಪಾಠ ಹೇಳುವ ವಿದ್ಯೆ ಒಮ್ಮೆಯಾದರೂ ನಮ್ಮ ಜನರ ಉಪಯೋಗಕ್ಕೆ ಬರುತ್ತದಲ್ಲ ಎಂಬ ಹೆಮ್ಮೆ ಇತ್ತು.

ಸರದಿಯನ್ನು ಲಿಂಕ್ಡ್ ಲಿಸ್ಟಿನಲ್ಲಿ ಇಟ್ಟೆ. ಅದು ಕಷ್ಟದ ವಿಷಯವಲ್ಲ. ಸಾಲಿನಲ್ಲಿ ನಿಂತ ಪ್ರತಿಯೊಬ್ಬರ ಕೈಯಲ್ಲೂ ಮುಂದಿನವರು ಎಲ್ಲಿದ್ದಾರೆ ಅನ್ನುವ ಚೀಟಿ ಇದೆ ಅಂದುಕೊಳ್ಳಿ. ಚೀಟಿ ಓದುತ್ತ ಓದುತ್ತ ಮೊದಲಿನಿಂದ ಕೊನೆಯವರೆಗೆ ಹೋಗಬಹುದು. ನಡುವೆ ಒಬ್ಬರನ್ನು ಸಾಲಿನಿಂದ ಕಳಿಸುವುದಾದರೆ ಅವರ ಚೀಟಿಯನ್ನು ಮೊದಲು ಓದಿಟ್ಟುಕೊಂಡು ಆಮೇಲೆ ಕಳಿಸಬೇಕು. ಕಳಿಸಿದ ಮೇಲೆ ಓದಲು ಹೋದರೆ ಚೀಟಿ ಅಲ್ಲೇ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಇದನ್ನು ನಾನು ಪ್ರತಿ ವರ್ಷ ಹಲಗೆಯ ಮೇಲೆ ಬಾಣದ ಗುರುತು ಹಾಕಿ ಕಲಿಸುತ್ತಿದ್ದೆ. ಪರೀಕ್ಷೆಯಲ್ಲಿ ತಪ್ಪಿದವರ ಅಂಕ ಕಡಿಯುತ್ತಿದ್ದೆ.

ಆದರೆ ಆ ಸಲ ನಾನು, ಚೀಟಿ ಓದುತ್ತ ಒಬ್ಬೊಬ್ಬರ ಹತ್ತಿರ ಹೋಗುವ ಲೂಪನ್ನು ಕೈಯಾರೆ ಬರೆಯಲಿಲ್ಲ. ಇಂಥ ಸಾಲುಗಳಿಗೆಂದೇ ಸಿಸ್ಟಮಿನಲ್ಲಿ ಸಿದ್ಧವಾದ ಮ್ಯಾಕ್ರೋಗಳಿದ್ದವು. ಒಂದು ಹೆಸರು ಬರೆದರೆ ಸಾಕು, ಪೂರ್ತಿ ಲೂಪು ಅದರೊಳಗಿಂದ ಬರುತ್ತಿತ್ತು. ಚೀಟಿಯನ್ನು ಯಾವಾಗ ಓದುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಆ ಮ್ಯಾಕ್ರೋಗಳ ಕೈಪಿಡಿಯ ಪುಟ ತೆಗೆದು ನೋಡಿದೆ. ಈ ಮ್ಯಾಕ್ರೋ ಸಾಲಿನ ಪ್ರತಿಯೊಂದು ಅಂಶದ ಮೇಲೂ ಕ್ರಮವಾಗಿ ಹೋಗುತ್ತದೆ ಎಂದು ಒಂದೇ ವಾಕ್ಯವಿತ್ತು. ನಡುವೆ ಒಂದು ಅಂಶವನ್ನು, ಅಂದರೆ ಸಾಲಿನಲ್ಲಿ ನಿಂತ ಒಬ್ಬರನ್ನು, ತೆಗೆದರೆ ಏನಾಗುತ್ತದೆ ಅನ್ನುವ ಮಾತೇ ಇರಲಿಲ್ಲ. ನಾನು ಆ ವಾಕ್ಯವನ್ನು ನಂಬಿದೆ. ಮೂರು ಸಲ ಕರೆದರೂ ಬಾರದವರನ್ನು ಲೂಪಿನೊಳಗೇ ತೆಗೆದುಹಾಕಿ, ಉಳಿದವರ ಹೆಸರನ್ನು ಪ್ರತಿದಿನ ಬೆಳಿಗ್ಗೆ ಹೊಸದಾಗಿ ಬರೆದಿಡುವಂತೆ ಮಾಡಿದೆ.

ಒಂದೂವರೆ ವರ್ಷ ಏನೂ ತೊಂದರೆ ಬರಲಿಲ್ಲ.

ಅಷ್ಟರಲ್ಲಿ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂತು. ನಾನೇ ನಿಲಂಗಾಕ್ಕೆ ಕರೆದೊಯ್ದು ತೋರಿಸಿದೆ, ನನ್ನ ಕೈಯಾರೆ ಆಕೆಯ ಹೆಸರು ಟೈಪು ಮಾಡಿದೆ. ಎರಡು ತಿಂಗಳಿಗೆ ಸರದಿ ಬರುತ್ತದೆ, ಅವರು ಹೇಳಿದ ವಾರ ಬಂದುಬಿಡು ಅಂದೆ. ಪರೀಕ್ಷೆಯ ಕೆಲಸ, ಮನೆಯ ಕೆಲಸ, ನನಗೆ ಜೊತೆಗೆ ಹೋಗಲಾಗಲಿಲ್ಲ. ಆಪರೇಷನ್ ಆದಮೇಲೆ ನೆರೆಮನೆಯವರಿಂದ ಫೋನು ಬರುತ್ತದೆ ಎಂದುಕೊಂಡೆ. ಫೋನು ಬರಲಿಲ್ಲ. ಸರದಿ ಮುಂದೆ ಹೋಗಿರಬೇಕು ಎಂದುಕೊಂಡೆ. ಅಷ್ಟು ಸುಲಭವಾಗಿ ಅಂದುಕೊಂಡೆ.

ಪಂಚಮಿ ಹಬ್ಬಕ್ಕೆ ಊರಿಗೆ ಹೋದಾಗ ಅತ್ತೆ ಬಾಗಿಲ ಹತ್ತಿರ ಕೂತು ಬಲಗಣ್ಣಿಗೆ ಸೆರಗು ಒತ್ತಿಕೊಂಡಿದ್ದಳು. ಕಣ್ಣು ಕೆಂಪಾಗಿ, ನಡುವೆ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಎಂಟು ದಿನ ತಲೆ ಒಡೆಯುವಷ್ಟು ನೋವಿತ್ತಂತೆ, ಆಮೇಲೆ ಕಡಿಮೆಯಾಯಿತಂತೆ. ನೋವು ನಿಂತಿತೆಂದು ಆಕೆ ಬೀರಪ್ಪನಿಗೆ ಅರಿಶಿನದ ಭಂಡಾರ ಹಚ್ಚಿ ಬಂದಿದ್ದಳು.

"ಅತ್ಯಾ, ನಿಲಂಗಾಕ್ಕ ಹೋಗಲೇ ಇಲ್ಲೇನು?"

"ಹೋಗಿದ್ನಲ್ಲವ್ವಾ, ಮೂರ ಸಲ ಹೋಗಿದ್ನಿ. ಉಮರ್ಗಾದಾಗ ಬಸ್ ಬದಲಿ ಮಾಡಿ ಒಬ್ಬಾಕಿನೇ ಹೋಗಿದ್ನಿ. ಯಾದಿದಾಗ ನಾವ್ ನಾಹೀ, ಹೆಸರಿಲ್ಲ ಅಂದ್ರು."

"ಮೂರ ಸಲಾನೂ?"

"ಹೂಂ. ಮೂರ ಸಲಾನೂ ಇಲ್ಲಂದ್ರು."

"ನನಗ ಯಾಕ ಹೇಳಲಿಲ್ಲ?"

ಅತ್ತೆ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು. "ಏನಂತ ಹೇಳ್ಲಿ? ಆ ಮಷೀನ ನೀನ ಮಾಡೀದಿ. ನೀ ಮಾಡಿದ್ದರಾಗ ತಪ್ಪ ಇರತದೇನು? ನಾನ ಏನರೆ ತಪ್ಪ ವಾರಕ್ಕ ಹೋಗಿರಬೇಕು ಅಂತ ತಿಳಕೊಂಡ್ನಿ."

ಮರುದಿನ ಉದಗೀರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪೊರೆ ವಿಪರೀತ ಹಣ್ಣಾಗಿ, ಕಣ್ಣಿನೊಳಗಿನ ಒತ್ತಡ ಏರಿ, ನರ ಸತ್ತಿದೆ ಅಂದರು. ಎರಡು ತಿಂಗಳು ಮೊದಲು ಬಂದಿದ್ದರೆ ಅರ್ಧ ಗಂಟೆಯ ಕೆಲಸವಿತ್ತು ಅಂದರು. ಅತ್ತೆಗೆ ಡಾಕ್ಟರ ಮರಾಠಿ ಪೂರ್ತಿ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಿದ್ದಳೋ ಗೊತ್ತಿಲ್ಲ. ಹೊರಗೆ ಬಂದಮೇಲೆ, "ಎಡದ್ದು ಇನ್ನಾ ಅದಲಾ, ಸಾಕು," ಅಂದಳು.

ಎಡಗಣ್ಣಿನ ಆಪರೇಷನ್ನಿಗೆ ಅಲ್ಲೇ ದಿನ ಗೊತ್ತುಮಾಡಿ ನಿಲಂಗಾಕ್ಕೆ ಹೋದೆ. ನೋಂದಣಿ ಮೇಜಿನಲ್ಲಿ ಕೂರುವ ಹೆಂಗಸು ನನ್ನನ್ನು ಕಂಡಕೂಡಲೇ ಎದ್ದು ನಿಂತಳು. ಅತ್ತೆಯ ಹೆಸರು ಏನಾಯಿತೆಂದು ಕೇಳಿದೆ.

"ಮ್ಯಾಡಮ್, ಹಳೀ ಮಷೀನ್ ಇದ್ದಾಗ ಹಿಂಗ ಆಗ್ತಿರಲಿಲ್ರೀ. ಹೊಸಾದು ಬಂದಮ್ಯಾಲ ಆವಾಗೀವಾಗ ಹೆಸರು ಹೋಗ್ತಾವ್ರೀ."

"ಹೋದವರನ್ನ ಏನ ಮಾಡಿದ್ರಿ?"

"ಜಗಳಾ ಮಾಡಿದವರ ಹೆಸರು ಮತ್ತ ಹಚ್ಚಿದೆ. ಸುಮ್ನ ಹೋದವರದು..." ಆಕೆ ನೋಂದಣಿಯ ಪುಸ್ತಕವನ್ನು ನನ್ನ ಕಡೆ ಸರಿಸಿದಳು.

ಆಸ್ಪತ್ರೆಗೆ ಹೊಸ ಕಂಪ್ಯೂಟರು, ಅದರ ಜೊತೆ ಹೊಸ ಸಿಸ್ಟಮ್ ಬಂದಿದ್ದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹಳೆಯ ಸಿಸ್ಟಮ್, ಪ್ರೋಗ್ರಾಂ ಬಿಟ್ಟುಕೊಟ್ಟ ಮೆಮೊರಿಯನ್ನು ಹಾಗೇ ಇಡುತ್ತಿತ್ತು. ಕಳಿಸಿದವರ ಚೀಟಿ ಇನ್ನೂ ಅಲ್ಲೇ ಬಿದ್ದಿರುತ್ತಿತ್ತು. ಹೊಸದು ತಕ್ಷಣ ಅದರ ಮೇಲೆ ತನ್ನದೇನೋ ಬರೆಯುತ್ತಿತ್ತು. ಬಾರದವರೊಬ್ಬರನ್ನು ತೆಗೆದ ದಿನ ಮುಂದಿನವರ ಗುರುತು ಸಿಗದೆ ಲೂಪು ಅಲ್ಲೇ ನಿಂತು, ಅವರ ಹಿಂದಿದ್ದವರು ಯಾರೂ ಹೊಸ ಯಾದಿಗೆ ಬರುತ್ತಿರಲಿಲ್ಲ. ಇದನ್ನು ಕಂಡುಹಿಡಿಯಲು ನನಗೆ ಎರಡು ದಿನ ಹಿಡಿಯಿತು, ಸರಿಪಡಿಸಲು ಎರಡು ಸಾಲು ಸಾಕಾಯಿತು.

ನೋಂದಣಿಯ ಕಾಗದದ ಪುಸ್ತಕಕ್ಕೂ ಕಂಪ್ಯೂಟರಿನ ಯಾದಿಗೂ ತಾಳೆ ನೋಡಿ ಸುಮ್ಮನೆ ಹೋದವರ ಹೆಸರುಗಳನ್ನು ತೆಗೆದೆವು. ಕೆಲವರು ಬೇರೆ ಕಡೆ ಆಪರೇಷನ್ ಮಾಡಿಸಿಕೊಂಡಿದ್ದರು. ಒಬ್ಬಾಕೆ ತೀರಿಕೊಂಡಿದ್ದಳು. ಉಮರ್ಗಾದ ಒಬ್ಬ ಟೇಲರ್ ಮನೆಯನ್ನು ನಾನೇ ಹುಡುಕಿಕೊಂಡು ಹೋದೆ. ಹೈವೇಯ ಬದಿಯ ಗಲ್ಲಿಯಲ್ಲಿ ಒಂದೇ ಕೋಣೆ. ಹೊಲಿಗೆ ಮಷೀನಿನ ಮೇಲೆ ಬಟ್ಟೆ ಮುಚ್ಚಿ, ಅದರ ಮೇಲೆ ತಪ್ಪಲೆಗಳನ್ನು ಇಟ್ಟಿದ್ದರು. ಮುದುಕ ನಾನು ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳಿದ. ಯಂತ್ರ, ಯಾದಿ, ನನ್ನ ತಪ್ಪು ಎಲ್ಲ ಹೇಳಿ ಕ್ಷಮೆ ಕೇಳಿದೆ.

"ಅಂದ್ರ ಈಗ ನನ್ನ ಕರ್ಕೊಂಡ ಹೋಗಾಕ ಬಂದೀರಿ?" ಅಂದ.

ಆ ತಿಂಗಳು ಆಸ್ಪತ್ರೆಗೆ ಬರುತ್ತಿದ್ದ ಸರ್ಜನ್ ಬಿಟ್ಟುಹೋಗಿದ್ದರು. ಹೊಸಬರು ಬರುವ ತನಕ ಆಪರೇಷನ್ ಬಂದ್ ಆಗಿತ್ತು. ಅದನ್ನೇ ಹೇಳಿದೆ.

"ಮತ್ತ ಬರೇ ಹೇಳಾಕ ಬಂದೀರೇನ್ರೀ, ಅಕ್ಕಾರ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಉದಗೀರದಲ್ಲಿ ತೋರಿಸೋಣ, ನಾನೇ ಬಂದು ಕರೆದೊಯ್ಯುತ್ತೇನೆ ಅಂದೆ. ಮುಂದಿನ ವಾರ ಹೋದಾಗ ಕೋಣೆಗೆ ಬೀಗ ಹಾಕಿತ್ತು. ಮಗಳು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದಳು ಅಂದರು. ಆತನ ಕಣ್ಣು ಏನಾಯಿತೋ ಇವತ್ತಿಗೂ ಗೊತ್ತಿಲ್ಲ.

ಆಮೇಲಿನ ದಿನಗಳಲ್ಲಿ ಪಾಠ ಮಾಡುವಾಗ ಹಲಗೆಯ ಮೇಲೆ ಬಾಣದ ಗುರುತು ಎಳೆಯಲು ಕೈ ಏಳುತ್ತಿರಲಿಲ್ಲ. ನಾನು ಮಾಡಬಹುದಾದ ಕೆಲಸ ಒಂದೇ ಉಳಿದಿತ್ತು. ಇಂಟರ್ನೆಟ್ಟಿನಲ್ಲಿದ್ದ ಆ ಕೈಪಿಡಿಯ ಪುಟ ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದಾದಂಥದ್ದು. ದೇಶದೇಶಗಳ ಸ್ವಯಂಸೇವಕರು ಅದನ್ನು ನೋಡಿಕೊಳ್ಳುತ್ತಿದ್ದರು. ಪ್ರತಿ ಮ್ಯಾಕ್ರೋ ಏನು ಮಾಡುತ್ತದೆ, ಏನು ಮಾಡುವುದಿಲ್ಲ, ನಡೆಯುತ್ತಿರುವ ಸಾಲಿನಿಂದ ಅಂಶ ತೆಗೆದರೆ ಏನಾಗುತ್ತದೆ, ಸರಿಯಾಗಿ ತೆಗೆಯುವುದು ಹೇಗೆ ಎಂದೆಲ್ಲ ಮೂರು ಪುಟ ಬರೆದೆ. ಉದಾಹರಣೆಗೆ ಒಂದು ಆಸ್ಪತ್ರೆಯ ಸರದಿಯನ್ನೇ ಕೊಟ್ಟೆ. ನನ್ನ ಇಂಗ್ಲಿಷನ್ನು ಕಾಲೇಜಿನ ಇಂಗ್ಲಿಷ್ ಮೇಷ್ಟ್ರಿಗೆ ತೋರಿಸಿ ಕಳಿಸಿದೆ.

ಎರಡು ತಿಂಗಳು ಉತ್ತರವಿಲ್ಲ. ಇನ್ನೊಮ್ಮೆ ಕಳಿಸಿದೆ. ಆಗ ಬಂದ ಉತ್ತರ ನಾಲ್ಕು ಸಾಲಿನದು. ಪ್ರೋಗ್ರಾಂ ಬರೆಯುವ ಸಿ ಭಾಷೆ ಬಲ್ಲವರಿಗೆಲ್ಲ ಇದು ಗೊತ್ತಿರುವ ಮಾತು, ಕೈಪಿಡಿ ಪಾಠಪುಸ್ತಕವಲ್ಲ, ಅನುಮಾನ ಬಂದವರು ಮ್ಯಾಕ್ರೋದ ಒಳಗಿನ ಬರಹವನ್ನೇ ಓದಿಕೊಳ್ಳಬಹುದು ಎಂದಿತ್ತು. ಓದಿ ನಾಚಿಕೆಯಾಯಿತು. ಅದು ಸುಳ್ಳಾಗಿರಲಿಲ್ಲ. ನನಗೂ ಗೊತ್ತಿದ್ದ ಮಾತೇ ಅದು, ಹತ್ತು ವರ್ಷ ಕಲಿಸಿದ್ದೆ. ಗೊತ್ತಿದ್ದವಳೇ ಬಿದ್ದಿದ್ದೆ, ಅದಕ್ಕೇ ಬರೆಯಬೇಕು ಎನ್ನುವುದನ್ನು ಅವರಿಗೆ ಹೇಗೆ ತಿಳಿಸುವುದು?

ಮತ್ತೆ ಬರೆದೆ. ಉದ್ದವಾಯಿತು ಅಂದರು, ಒಂದು ಪುಟಕ್ಕೆ ಇಳಿಸಿದೆ. ಬರಹದ ಸಾಲಿನ ಕೊನೆಯಲ್ಲಿ ಖಾಲಿ ಜಾಗ ಬಿಟ್ಟಿದ್ದೀರಿ ಅಂದರು, ತೆಗೆದೆ. ಆಸ್ಪತ್ರೆಯ ಉದಾಹರಣೆ ಬೇಡ, ಬರೀ ಅಂಕಿಗಳ ಸಾಲು ಸಾಕು ಅಂದರು. ರೋಗಿ ಅನ್ನುವ ಪದವನ್ನು ಅಳಿಸಿ ಅಂಶ ಅಂತ ಬರೆದೆ, ಹೆಸರಿನ ಜಾಗದಲ್ಲಿ ಒಂದು ಅಂಕಿ ಇಟ್ಟೆ. ಅಷ್ಟು ಚಿಕ್ಕ ಬದಲಾವಣೆಗೆ ಒಂದು ಮಧ್ಯಾಹ್ನವೆಲ್ಲ ಕಂಪ್ಯೂಟರಿನ ಮುಂದೆ ಕೂತಿದ್ದೆ.

ಅವರಲ್ಲಿ ಒಬ್ಬರು ಮಾತ್ರ ಬೇರೆ ಥರ ಕೇಳಿದರು. ಈ ತೊಂದರೆ ನಿಮಗೆ ನಿಜವಾಗಿ ಎದುರಾಗಿತ್ತೆ, ಇಲ್ಲಾ ಓದುವಾಗ ಹೊಳೆದದ್ದೆ? ನಾನು ಅತ್ತೆಯ ಕಥೆಯನ್ನೆಲ್ಲ ಬರೆದೆ, ಮೂರು ಸಲದ ಬಸ್ಸು, ಮೂರು ಸಲದ ಇಲ್ಲ, ಸುಣ್ಣದಂಥ ಕಣ್ಣು. ಬರೆದು ಓದಿಕೊಂಡರೆ ಭಿಕ್ಷೆ ಬೇಡಿದ ಹಾಗಿತ್ತು. ಎಲ್ಲ ಅಳಿಸಿ, ಹೌದು, ಎದುರಾಗಿತ್ತು ಎಂದಷ್ಟೇ ಕಳಿಸಿದೆ.

ಒಂದೂವರೆ ವರ್ಷದ ಮೇಲೆ ನನ್ನ ಮೂರು ಪುಟದಲ್ಲಿ ಎರಡು ವಾಕ್ಯ ಒಪ್ಪಿಗೆಯಾದವು. ಲೂಪು ನಡೆಯುತ್ತಿರುವಾಗ ಅಂಶವನ್ನು ತೆಗೆದು ಮೆಮೊರಿ ಬಿಟ್ಟುಕೊಟ್ಟರೆ ಮುಂದೇನಾಗುವುದೋ ಹೇಳಲಾಗದು. ಹಾಗೆ ಮಾಡಬೇಕಿದ್ದರೆ ಮುಂದಿನದನ್ನು ಮೊದಲೇ ಇಟ್ಟುಕೊಳ್ಳಿ. ಅಷ್ಟೇ.

ಆ ಹೊತ್ತಿಗೆ ಅತ್ತೆಯ ಎಡಗಣ್ಣಿನ ಆಪರೇಷನ್ ಆಗಿ ಬಹಳ ದಿನವಾಗಿತ್ತು. ದೂರದ್ದು ಕಾಣುತ್ತಿತ್ತು, ಹತ್ತಿರದ್ದನ್ನು ತಡವುತ್ತಿದ್ದಳು. ನಾನು ಹೋದಾಗ ಉಣ್ಣೆ ಹಿಂಜುತ್ತ ಕೂತಿದ್ದಳು. ಪುಸ್ತಕದಲ್ಲಿ ತಪ್ಪು ತಿದ್ದಿಸಿದೆ ಅತ್ಯಾ, ಇನ್ನು ಮುಂದೆ ಬೇರೆಯವರಿಗೆ ಹೀಗಾಗಲಿಕ್ಕಿಲ್ಲ ಅಂದೆ.

"ಎಷ್ಟ ದಿನಾ ಹಿಡೀತು?"

"ಒಂದೂವರಿ ವರ್ಷ."

"ಎರಡ ಮಾತಿಗೆ?" ಆಕೆ ನಿಜವಾಗಿ ಮರುಗಿದಳು. "ನಿನಗ ಭಾಳ ತ್ರಾಸ ಕೊಟ್ಟಾರ ಬಿಡು."

ನನ್ನ ಮೇಲೆ ಆಕೆಗೆ ಬೇಸರ ಬರಲೇ ಇಲ್ಲ. ಸಾಯುವ ತನಕ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅದನ್ನು ಹೊತ್ತುಕೊಳ್ಳುವುದು ನನಗೆ ಇವತ್ತಿಗೂ ಆಗಿಲ್ಲ.

ಆಕೆ ಹೋದ ಎಷ್ಟೋ ವರ್ಷದ ಮೇಲೆ, ನಾನು ಕೆಲಸ ಬಿಡುವ ಮುಂಚೆ, ಒಮ್ಮೆ ಆ ಪುಟವನ್ನು ತೆಗೆದು ನೋಡಿದೆ. ಓದಲು ಸುಲಭವಾಗಲಿ ಎಂದು ಯಾರೋ ಅದನ್ನು ಒಡೆದು ಒಂದೊಂದು ಬಗೆಯ ಸಾಲಿಗೆ ಒಂದೊಂದು ಪುಟ ಮಾಡಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು. ಎರಡು ವಾಕ್ಯ ಒಂದು ಪುಟದಲ್ಲಿ ಮಾತ್ರ ಉಳಿದಿದ್ದವು. ನಾನು ನಿಲಂಗಾದಲ್ಲಿ ಬಳಸಿದ್ದ ಬಗೆಯ ಸಾಲಿನ ಪುಟದಲ್ಲಿ ಇರಲಿಲ್ಲ. ಮ್ಯಾಕ್ರೋ ಪ್ರತಿಯೊಂದು ಅಂಶದ ಮೇಲೂ ಕ್ರಮವಾಗಿ ಹೋಗುತ್ತದೆ ಎಂದಷ್ಟೇ ಅಲ್ಲಿ ಬರೆದಿತ್ತು.

ಅವತ್ತೇ ಅವರಿಗೆ ಪತ್ರ ಬರೆದೆ. ಆಮೇಲೆ ಎರಡು ಸಲ ನೆನಪು ಮಾಡಿಕೊಟ್ಟೆ. ಈಗ ಅಲ್ಲಿ ಇರುವವರೆಲ್ಲ ಹೊಸಬರು, ನನ್ನ ಪರಿಚಯ ಯಾರಿಗೂ ಇಲ್ಲ. ಈ ವಾರ ನಾಲ್ಕನೆಯ ಸಲ ತಿದ್ದುಪಡಿ ಸಿದ್ಧಮಾಡಿದ್ದೇನೆ. ಸಾಲಿನ ಕೊನೆಯಲ್ಲಿ ಖಾಲಿ ಜಾಗ ಉಳಿದಿಲ್ಲ ಎಂದು ಎರಡೆರಡು ಸಲ ನೋಡಿದ್ದೇನೆ. ಕಳಿಸುತ್ತೇನೆ. ಓದುತ್ತಾರೆ ಅನ್ನುವ ನಂಬಿಕೆ ನನಗಿಲ್ಲ.